ದಿನಬಳಕೆಗೆ ಯಾವ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ: ಅಂಗಡಿಯ ಸೀಸೆಯೋ, ಗಾಣದ ಡಬ್ಬಿಯೋ?

ಸುಮಾ, ತೋರಿನೊ

ಎಲ್ಲರಿಗೂ ನಮಸ್ಕಾರ. ನಾವು ಇಟಲಿಯ ತೋರಿನೊ ನಗರಕ್ಕೆ ಬಂದು ಏಳು ತಿಂಗಳಾಯಿತು. ಮನೆಯಲ್ಲಿ ಮೂರು ಜನರಿದ್ದೇವೆ, ತಿಂಗಳಿಗೆ ಒಂದೂವರೆ ಲೀಟರಿನಷ್ಟು ಎಣ್ಣೆ ಖರ್ಚಾಗುತ್ತದೆ. ನಮಗೆ ಇಲ್ಲಿ ಸಿಕ್ಕಿದ ಕಡಲೆಕಾಯಿ ಎಣ್ಣೆಯೆಲ್ಲ ರಿಫೈನ್ಡ್ ಆಗಿದ್ದು, ಅದರಲ್ಲಿ ಕಡಲೆಕಾಯಿಯ ಪರಿಮಳವೇ ಇರಲಿಲ್ಲ. ಆದ್ದರಿಂದ ಊರಿನಲ್ಲಿದ್ದಾಗ ಒಮ್ಮೆಯೂ ಕೊಳ್ಳದ ಆಲಿವ್ ಎಣ್ಣೆಯನ್ನೇ ದಿನಬಳಕೆಗೆ ರೂಢಿಸಿಕೊಳ್ಳೋಣವೆಂದು ನಿರ್ಧರಿಸಿದ್ದೇವೆ. ಕಷ್ಟ ಶುರುವಾದದ್ದು ಸೂಪರ್‌ಮಾರ್ಕೆಟ್ಟಿನ ಕಪಾಟಿನ ಎದುರು ನಿಂತ ಮೇಲೆ.

ಈಗ, 2025ರ ಮಾರ್ಚಿನಲ್ಲಿ, ನನ್ನ ಮುಂದೆ ಮೂರು ದಾರಿಗಳಿವೆ. ಪಾರದರ್ಶಕ ಬಿಳಿ ಗಾಜಿನ ಒಂದು ಲೀಟರ್ ಸೀಸೆ 6.50 ಯೂರೋಗೆ ಸಿಗುತ್ತದೆ, ಅದರ ಮೇಲೆ 'ಐರೋಪ್ಯ ಒಕ್ಕೂಟದ ಆಲಿವ್ ಎಣ್ಣೆಗಳ ಮಿಶ್ರಣ' ಎಂದು ಬರೆದಿದೆ. ಕಡುಗಪ್ಪು ಗಾಜಿನ 750 ಮಿಲಿ ಲೀಟರ್ ಸೀಸೆಗೆ 11 ಯೂರೋ, ಅದರ ಮೇಲೆ '100% ಇತಾಲಿಯಾನೊ' ಎಂದು ಎದ್ದು ಕಾಣುವಂತೆ ಹಾಕಿದ್ದಾರೆ. ಮೂರನೆಯದು, ನನ್ನ ಸಹೋದ್ಯೋಗಿಯೊಬ್ಬರ ಅತ್ತೆಮನೆಯವರು ಲಿಗುರಿಯಾ ಪ್ರಾಂತ್ಯದ ಇಂಪೀರಿಯಾದಲ್ಲಿ ತಮ್ಮದೇ ಗಾಣದಿಂದ ತುಂಬಿಸಿ ಕೊಡುವ 5 ಲೀಟರಿನ ತಗಡಿನ ಡಬ್ಬಿ, ಅದಕ್ಕೆ 75 ಯೂರೋ. ಮೂರರ ಮೇಲೂ ಎಕ್ಸ್‌ಟ್ರಾ ವರ್ಜಿನ್ ಎಂದೇ ಇದೆ. 'ಆಲಿವ್ ಹಣ್ಣಿನಿಂದ ನೇರವಾಗಿ, ಕೇವಲ ಯಾಂತ್ರಿಕ ವಿಧಾನಗಳಿಂದ ಪಡೆದ ಮೇಲ್ದರ್ಜೆಯ ಎಣ್ಣೆ' ಎಂಬ ವಾಕ್ಯವೂ ಅಕ್ಷರಶಃ ಒಂದೇ. ಹಾಗಿದ್ದ ಮೇಲೆ ಬೆಲೆಯಲ್ಲಿ ಇಷ್ಟು ಅಂತರ ಏಕೆ? ಒಗ್ಗರಣೆಗೂ ಕೋಸಂಬರಿಗೂ ಒಂದೇ ಎಣ್ಣೆ ಇಟ್ಟುಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು?

ವಾದಿರಾಜ, ಮೈಸೂರು

ಸುಮಾ ಅವರೇ, ನಾನು ಖಾದ್ಯತೈಲಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆ ವಾಕ್ಯ ಮೂರು ಕಡೆಯೂ ಒಂದೇ ಆಗಿರಲು ಕಾರಣವೆಂದರೆ ಅದು ವ್ಯಾಪಾರಿಗಳು ಬರೆದ ಹೊಗಳಿಕೆಯಲ್ಲ. ಐರೋಪ್ಯ ಒಕ್ಕೂಟದ ನಿಯಮವೇ ಆ ಮಾತುಗಳನ್ನು ಕಡ್ಡಾಯ ಮಾಡಿದೆ. ಆದ್ದರಿಂದ ಅದನ್ನು ಓದಿ ಆಯ್ಕೆ ಮಾಡಲು ಬರುವುದಿಲ್ಲ.

ಎಕ್ಸ್‌ಟ್ರಾ ವರ್ಜಿನ್ ಎನಿಸಿಕೊಳ್ಳಲು ಎಣ್ಣೆ ಎರಡು ಬಗೆಯ ಪರೀಕ್ಷೆಗಳನ್ನು ದಾಟಬೇಕು. ಪ್ರಯೋಗಾಲಯದಲ್ಲಿ ಅದರ ಮುಕ್ತ ಕೊಬ್ಬಿನಾಮ್ಲ, ಎಂದರೆ ಆಮ್ಲೀಯತೆ, ನೂರು ಗ್ರಾಂಗೆ 0.8 ಗ್ರಾಂ ಮೀರಬಾರದು, ಎಣ್ಣೆ ಗಾಳಿಗೆ ಕೆಡಲು ಶುರುವಾದದ್ದನ್ನು ತೋರಿಸುವ ಪೆರಾಕ್ಸೈಡ್ ಮೌಲ್ಯ 20ನ್ನು ದಾಟಬಾರದು. ಇವಲ್ಲದೆ ಇನ್ನೂ ಹಲವು ಅಳತೆಗಳಿವೆ. ಎರಡನೆಯದು ಮೂಗು ನಾಲಿಗೆಗಳ ಪರೀಕ್ಷೆ. ತರಬೇತಿ ಪಡೆದ 8ರಿಂದ 12 ಮಂದಿ ರುಚಿಗಾರರು ನೀಲಿ ಬಣ್ಣದ ಗಾಜಿನ ಲೋಟದಲ್ಲಿ, ಎಣ್ಣೆಯ ಬಣ್ಣ ಕಾಣದಂತೆ, 28 ಡಿಗ್ರಿಗೆ ಬೆಚ್ಚಗೆ ಮಾಡಿ ಮೂಸಿ ಕುಡಿದು ನೋಡುತ್ತಾರೆ. ಒಂದೂ ದೋಷವಿರಬಾರದು, ಹಸಿ ಕಾಯಿಯ ಪರಿಮಳ ಅಲ್ಪವಾದರೂ ಇರಲೇಬೇಕು. ಸಣ್ಣ ದೋಷವಿದ್ದು ಆಮ್ಲೀಯತೆ 2ರೊಳಗಿದ್ದರೆ ಅದು ಬರೀ ವರ್ಜಿನ್. ಅದಕ್ಕಿಂತ ಕೆಳಗಿನದನ್ನು ಇಟಾಲಿಯನ್ನರು ಲಂಪಾಂತೆ ಎನ್ನುತ್ತಾರೆ, ಎಂದರೆ ದೀಪದ ಎಣ್ಣೆ. ಅದನ್ನು ರಿಫೈನ್ ಮಾಡದೆ ತಿನ್ನಲು ಮಾರುವಂತಿಲ್ಲ. ನಿಮ್ಮ ಕಪಾಟಿನಲ್ಲಿ ಬರೀ 'ಓಲಿಯೊ ದಿ ಓಲಿವಾ' ಎಂದು ಬರೆದ ಸೀಸೆ ಕಂಡರೆ ಅದು ಹೀಗೆ ರಿಫೈನ್ ಆದದ್ದಕ್ಕೆ ಸ್ವಲ್ಪ ವರ್ಜಿನ್ ಬೆರೆಸಿದ ಎಣ್ಣೆ ಎಂದು ತಿಳಿಯಿರಿ. 'ಸಾನ್ಸಾ' ಎಂದಿದ್ದರೆ ಅದು ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ರಿಫೈನ್ ಮಾಡಿದ್ದು.

ಆಮ್ಲೀಯತೆ ಎಂದ ಕೂಡಲೇ ಹುಳಿಯೆಂದು ಭಾವಿಸುವವರು ಬಹಳ. ಅದು ನಾಲಿಗೆಗೆ ತಾಗುವ ವಸ್ತುವೇ ಅಲ್ಲ. ಹಣ್ಣು ಜಜ್ಜಿಹೋಗಿ, ಮೂಟೆಯಲ್ಲಿ ಬಿಸಿಯೇರಿ, ಗಾಣಕ್ಕೆ ಬರುವ ಮೊದಲೇ ಎಷ್ಟು ಹಾಳಾಗಿತ್ತು ಎಂಬುದರ ಲೆಕ್ಕ ಅದು. 'ಆಮ್ಲೀಯತೆ 0.2' ಎಂದು ಸೀಸೆಯ ಎದೆಯ ಮೇಲೆ ಮೆರೆಸುವುದಾದರೆ ಪೆರಾಕ್ಸೈಡ್ ಮೌಲ್ಯ, ಮೇಣದ ಪ್ರಮಾಣ, ಅತಿನೇರಳೆ ಕಿರಣದ ಹೀರಿಕೆ ಇವುಗಳನ್ನೂ ಅದೇ ಗಾತ್ರದ ಅಕ್ಷರಗಳಲ್ಲಿ ಹಾಕಬೇಕೆಂದು ಐರೋಪ್ಯ ನಿಯಮವಿದೆ.

ಇಷ್ಟೆಲ್ಲ ಇದ್ದರೂ ಎಕ್ಸ್‌ಟ್ರಾ ವರ್ಜಿನ್ ಎಂಬುದು ಎಣ್ಣೆಯ ಜನ್ಮಕುಂಡಲಿ ಇದ್ದಂತೆ. ಬಳಕೆಯ ಗಡುವಿನ ದಿನದವರೆಗೂ ಅದು ಆ ದರ್ಜೆಯಲ್ಲೇ ಇರಬೇಕೆಂದು ಕಾನೂನು ಹೇಳುತ್ತದೆ, ಆದರೆ ಬೆಳಕು, ಶಾಖ, ಗಾಳಿ ಈ ಮೂರೂ ಕಾನೂನನ್ನು ಓದಿಲ್ಲ. ಆದ್ದರಿಂದ ನಿಮ್ಮ ಮೂರು ಆಯ್ಕೆಗಳಲ್ಲಿ ಬಿಳಿ ಗಾಜಿನ ಸೀಸೆಯನ್ನು ನಾನು ಬೆಲೆ ನೋಡುವ ಮೊದಲೇ ಬಿಡುತ್ತೇನೆ. ಉಳಿದೆರಡರಲ್ಲಿ ತೀರ್ಪು ಕೊಡಲು ಕೊಯ್ಲಿನ ವರ್ಷ ತಿಳಿಯಬೇಕು. 'ಕಂಪಾನ್ಯ', ಎಂದರೆ ಕೊಯ್ಲಿನ ಹಂಗಾಮು, ಎಂಬ ಪದದ ಮುಂದೆ ವರ್ಷವನ್ನು ನಮೂದಿಸಿದ್ದಾರೆಯೇ ನೋಡಿ ತಿಳಿಸಿ.

ಲೀನಾ, ಬಿತೊಂತೊ

ನಾನು ಮಂಗಳೂರಿನವಳು, ಹನ್ನೆರಡು ವರ್ಷದಿಂದ ಪುಲಿಯಾ ಪ್ರಾಂತ್ಯದಲ್ಲಿ, ಬಾರಿ ನಗರದ ಪಕ್ಕದ ಬಿತೊಂತೊದಲ್ಲಿ, ವೃದ್ಧ ದಂಪತಿಯ ಆರೈಕೆಯ ಕೆಲಸದಲ್ಲಿದ್ದೇನೆ. ಅವರಿಗೆ ಅರವತ್ತು ಆಲಿವ್ ಮರಗಳಿವೆ. ನವೆಂಬರಿನಲ್ಲಿ ಬಲೆ ಹಾಸಿ, ಕೊಂಬೆಗಳನ್ನು ಬಾಚಿ ಕಾಯಿ ಉದುರಿಸುವ ಕೆಲಸಕ್ಕೆ ನಾನೂ ಹೋಗುತ್ತೇನೆ. ಸಂಜೆಗೆ ಕಾಯಿ ಗಾಣದಲ್ಲಿರಬೇಕು. ಮರುದಿನಕ್ಕೆ ಬಿಟ್ಟರೆ ಮನೆಯ ಯಜಮಾನರಿಗೆ ನಿದ್ದೆ ಬರುವುದಿಲ್ಲ. ಈಗಿನ ಗಾಣದಲ್ಲಿ ಕಲ್ಲೂ ಇಲ್ಲ, ಒತ್ತುವ ಚಾಪೆಯೂ ಇಲ್ಲ: ಉಕ್ಕಿನ ಯಂತ್ರ ಕಾಯಿಯನ್ನು ಬೀಜಸಹಿತ ಜಜ್ಜುತ್ತದೆ, ಆ ಮುದ್ದೆಯನ್ನು 27 ಡಿಗ್ರಿ ದಾಟದಂತೆ ಅರ್ಧ ಮುಕ್ಕಾಲು ಗಂಟೆ ನಾದುತ್ತಾರೆ, ಬಳಿಕ ಸೆಂಟ್ರಿಫ್ಯೂಜ್ ಎಂಬ ರಭಸದಿಂದ ತಿರುಗುವ ಯಂತ್ರ ಎಣ್ಣೆಯನ್ನು ಬೇರ್ಪಡಿಸುತ್ತದೆ. ನೂರು ಕಿಲೋ ಕಾಯಿಗೆ 15ರಿಂದ 18 ಕಿಲೋ ಎಣ್ಣೆ ಬಂದರೆ ನಮಗೆ ಸಂತೋಷ. 'ಮೊದಲ ಒತ್ತು' ಎಂಬ ಹಳೆಯ ಮಾತಿಗೆ ಈಗ ಹೆಚ್ಚಿನ ಗಾಣಗಳಲ್ಲಿ ಅರ್ಥವಿಲ್ಲ, ಏಕೆಂದರೆ ಎರಡನೆಯ ಒತ್ತು ಎಂಬುದೇ ಇಲ್ಲ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಬೆಲೆಯ ಗಣಿತ ಇಲ್ಲಿಂದಲೇ ಶುರುವಾಗುತ್ತದೆ. ಈ 2025ರ ಮಾರ್ಚಿನಲ್ಲಿ ಬಾರಿಯಲ್ಲಿ ಒಳ್ಳೆಯ ಎಣ್ಣೆಯ ಸಗಟು ಬೆಲೆ ಕಿಲೋಗೆ 9 ಯೂರೋಗಿಂತ ಮೇಲಿದೆ. ಒಂದು ಲೀಟರ್ ಎಣ್ಣೆ ಸುಮಾರು 916 ಗ್ರಾಂ ತೂಗುತ್ತದೆ. ಅದಕ್ಕೆ ಸೀಸೆ, ಸಾಗಣೆ, ತೆರಿಗೆ, ಅಂಗಡಿಯವರ ಲಾಭ ಸೇರಿಸಿ ನೋಡಿ. ಲೀಟರಿಗೆ 6.50 ಎಂದರೆ ಅದು ಇಟಲಿಯ ಎಣ್ಣೆಯಾಗಿರಲು ಸಾಧ್ಯವಿಲ್ಲ, ಅವರೂ ಹಾಗೆಂದು ಹೇಳಿಕೊಂಡಿಲ್ಲ. ನನ್ನ ಮಾತು ಕೇಳುವುದಾದರೆ ಡಬ್ಬಿಯನ್ನೇ ತೆಗೆದುಕೊಳ್ಳಿ, ಆದರೆ ಲಿಗುರಿಯಾದ್ದಕ್ಕಿಂತ ನಮ್ಮ ಕಡೆಯದು ಅಗ್ಗ. ಇಲ್ಲಿಯ ಗಾಣಗಳು 5 ಲೀಟರಿನ ಡಬ್ಬಿಯನ್ನು ಉತ್ತರಕ್ಕೂ ಕಳುಹಿಸುತ್ತವೆ. ಕೊರಾತೀನಾ ಜಾತಿಯ ಕಾಯಿಯ ಹೊಸ ಎಣ್ಣೆಯನ್ನು ಒಂದು ಚಮಚ ಕುಡಿದರೆ ಗಂಟಲಲ್ಲಿ ಮೆಣಸು ಕಚ್ಚಿದಂತಾಗಿ ಒಂದೆರಡು ಸಲ ಕೆಮ್ಮು ಬರಬೇಕು. ಬಾರದಿದ್ದರೆ ಅದು ಹಳೆಯದು.

ಗಿರೀಶ, ಸ್ಯಾನ್ ಹೋಸೆ

ಲೀನಾ ಅವರ ಕೊನೆಯ ಮಾತಿಗೆ ನನ್ನ ಆಕ್ಷೇಪವಿದೆ. ಕೆಮ್ಮು ಬರಿಸುವುದು ಓಲಿಯೊಕ್ಯಾಂಥಾಲ್ ಎಂಬ ವಸ್ತು. ರುಚಿ ವಾಸನೆಗಳ ಸಂಶೋಧನೆ ಮಾಡುವ, ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಗ್ಯಾರಿ ಬೋಷಾಂ ಸಿಸಿಲಿಯಲ್ಲಿ ಹೊಸ ಎಣ್ಣೆ ಕುಡಿದಾಗ ಗಂಟಲ ಹಿಂಭಾಗದಲ್ಲಿ ಆದ ಉರಿ, ತಾವು ಪ್ರಯೋಗಾಲಯದಲ್ಲಿ ನುಂಗಿ ನೋಡಿದ್ದ ಐಬುಪ್ರೊಫೇನ್ ಎಂಬ ನೋವಿನ ಔಷಧದ ದ್ರವದ ಉರಿಯಂತೆಯೇ ಇದೆಯೆಂದು ಗುರುತಿಸಿದರು. ಅದರ ವಿವರ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಎಲ್ಲ ಜಾತಿಯ ಕಾಯಿಗಳಲ್ಲೂ ಅದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಸ್ಪೇನಿನ ಅರ್ಬೆಕಿನಾ, ಲಿಗುರಿಯಾದ ತಜಾಸ್ಕಾ ಹೊಸದಾಗಿದ್ದಾಗಲೂ ಮೃದು. ಕೆಮ್ಮು ಬಾರದ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಿದರೆ ಅವೆರಡಕ್ಕೂ ಅನ್ಯಾಯವಾಗುತ್ತದೆ.

ದೇಶದ ಹೆಸರನ್ನು ನೋಡಿ ಕೊಳ್ಳುವುದನ್ನು ನಾನು ಬಿಟ್ಟು ಹತ್ತು ವರ್ಷವಾಯಿತು. 2010ರಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆಲಿವ್ ಕೇಂದ್ರದವರು ಅಂಗಡಿಗಳಿಂದ ಸೀಸೆಗಳನ್ನು ತಂದು ಪರೀಕ್ಷಿಸಿದಾಗ, ಎಕ್ಸ್‌ಟ್ರಾ ವರ್ಜಿನ್ ಎಂದು ಬರೆದಿದ್ದ ಆಮದು ಮಾದರಿಗಳಲ್ಲಿ 69% ರುಚಿಯ ಪರೀಕ್ಷೆಯಲ್ಲಿ ಸೋತವು, ಕ್ಯಾಲಿಫೋರ್ನಿಯಾದವುಗಳಲ್ಲಿ ಸೋತದ್ದು 10% ಮಾತ್ರ. 2014ರಲ್ಲಿ ನಮ್ಮ ರಾಜ್ಯ ತನ್ನದೇ ಮಾನದಂಡ ತಂದಿತು, ಅದರಲ್ಲಿ ಆಮ್ಲೀಯತೆಯ ಮಿತಿ 0.5. ನನ್ನ ಸೂತ್ರ ಸರಳ: ಕೊಯ್ಲಿನ ದಿನಾಂಕವಿಲ್ಲದ ಸೀಸೆಯನ್ನು ಮುಟ್ಟುವುದಿಲ್ಲ. ಗಡುವಿನ ದಿನಾಂಕ ನೆಚ್ಚಿಕೊಳ್ಳುವಂಥದ್ದಲ್ಲ, ಏಕೆಂದರೆ ಅದನ್ನು ಸೀಸೆಗೆ ತುಂಬಿದ ದಿನದಿಂದ ಒಂದೂವರೆ ಎರಡು ವರ್ಷವೆಂದು ಲೆಕ್ಕ ಹಾಕುತ್ತಾರೆ; ತುಂಬುವ ಮೊದಲು ಎಣ್ಣೆ ಟ್ಯಾಂಕಿನಲ್ಲಿ ಎಷ್ಟು ತಿಂಗಳು ಮಲಗಿತ್ತೆಂದು ಯಾರಿಗೆ ಗೊತ್ತು?

ಇನ್ನು ಡಬ್ಬಿಯ ವಿಷಯ. ಒಮ್ಮೆ ತೋಟವೊಂದರ ಬಾಗಿಲಲ್ಲೇ ಸೋಸದ, ಮಬ್ಬಾಗಿದ್ದ ಎಣ್ಣೆಯನ್ನು ದೊಡ್ಡ ಡಬ್ಬಿಯಲ್ಲಿ ಕೊಂಡು ತಂದೆ. ಮೊದಲ ತಿಂಗಳು ಅಮೃತವಾಗಿತ್ತು. ಐದನೆಯ ತಿಂಗಳಿಗೆ ತಳದಲ್ಲಿ ಕಂದು ಗಸಿ ನಿಂತು, ಮೋರಿಯ ವಾಸನೆ ಬಂದು, ಒಂದೂವರೆ ಲೀಟರ್ ಚೆಲ್ಲಬೇಕಾಯಿತು.

ವಾದಿರಾಜ, ಮೈಸೂರು

ಗಿರೀಶ ಅವರು ಕೊಟ್ಟ ಅಂಕಿ ಸರಿಯಾಗಿದೆ, ಆದರೆ ಅದರ ಜೊತೆಗೆ ಎರಡು ಮಾತು ಸೇರಿಸಬೇಕು. ಆ ಅಧ್ಯಯನಕ್ಕೆ ಕ್ಯಾಲಿಫೋರ್ನಿಯಾದ ಆಲಿವ್ ಉತ್ಪಾದಕರ ಧನಸಹಾಯವೂ ಇತ್ತು, ಮತ್ತು ಪರೀಕ್ಷಿಸಿದ ಬ್ರಾಂಡುಗಳು ಬೆರಳೆಣಿಕೆಯವು. ಅದಕ್ಕಿಂತ ಮುಖ್ಯವಾಗಿ, ರುಚಿಯ ಪರೀಕ್ಷೆಯಲ್ಲಿ ಸೋತದ್ದೆಲ್ಲ ಕಲಬೆರಕೆಯಲ್ಲ. ಹೆಚ್ಚಿನವು ಹುಟ್ಟುವಾಗಲೇ ಕೆಟ್ಟ ಕಾಯಿಯಿಂದ ಬಂದವು, ಇಲ್ಲವೇ ಹಡಗಿನಲ್ಲಿ, ಗೋದಾಮಿನಲ್ಲಿ, ಕಪಾಟಿನ ದೀಪದ ಕೆಳಗೆ ಮುದಿಯಾದವು. ಕಲಬೆರಕೆಯ ಭಯದಲ್ಲಿ ಜನ ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದರೆ ಶುದ್ಧ, ಆಗದಿದ್ದರೆ ಅಶುದ್ಧ ಎನ್ನುತ್ತಾರೆ. ಆ ಪರೀಕ್ಷೆಗೆ ಆಧಾರವಿಲ್ಲ. ಗಟ್ಟಿಯಾಗುವುದು ಕಾಯಿಯ ಜಾತಿ, ಅದರಲ್ಲಿರುವ ಮೇಣ ಮತ್ತು ಕೊಬ್ಬಿನಾಮ್ಲಗಳ ಹೊಂದಾಣಿಕೆಯನ್ನು ಅವಲಂಬಿಸಿದೆ.

ಗಿರೀಶರ ಡಬ್ಬಿಗೆ ಆದದ್ದು ಪುಸ್ತಕದಲ್ಲಿ ಬರೆದಿಟ್ಟಂಥ ದೋಷ, ಇಟಾಲಿಯನ್ ರುಚಿಗಾರರು ಅದನ್ನು ಮೋರ್ಕಿಯಾ ಎನ್ನುತ್ತಾರೆ. ಸೋಸದ ಎಣ್ಣೆಯಲ್ಲಿ ಕಾಯಿಯ ತಿರುಳಿನ ಕಣಗಳೂ ನೀರಿನ ಹನಿಗಳೂ ಉಳಿದಿದ್ದು, ಅವು ತಳದಲ್ಲಿ ಹುದುಗುತ್ತವೆ. ವರ್ಷಪೂರ್ತಿ ಇಡುವುದಾದರೆ ಸೋಸಿದ ಎಣ್ಣೆಯೇ ಆಗಬೇಕು.

ಲೀನಾ, ಬಿತೊಂತೊ

ವಾದಿರಾಜ ರಾಯರೇ, ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಸೋಸದ ಎಣ್ಣೆಯನ್ನೇ ಇಡುತ್ತಿದ್ದಾರೆ. ಜನವರಿಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಮೇಲಿನ ತಿಳಿಯನ್ನು ಬೇರೆ ಸ್ಟೀಲ್ ಡ್ರಮ್ಮಿಗೆ ಬಸಿದು ಗಸಿಯನ್ನು ತೆಗೆಯುತ್ತಾರೆ. ಗಿರೀಶ ಅವರು ಬಸಿಯದೆ ಬಿಟ್ಟದ್ದಕ್ಕೆ ಎಣ್ಣೆಯನ್ನು ದೂರಬಾರದು. ಕೆಮ್ಮಿನ ವಿಷಯದಲ್ಲಿ ಮಾತ್ರ ಒಪ್ಪುತ್ತೇನೆ; ನಮ್ಮ ಊರಿನ ಓಲ್ಯಾರೋಲಾ ಜಾತಿಯದೂ ಮೃದುವೇ, ಅದಕ್ಕೇ ಇಲ್ಲಿಯವರು ಅದನ್ನೂ ಕೊರಾತೀನಾವನ್ನೂ ಬೆರೆಸಿ ಗಾಣಕ್ಕೆ ಹಾಕುತ್ತಾರೆ.

ಶಾಂತಲಾ, ಹುಬ್ಬಳ್ಳಿ

ಸುಮಾ, ನೀನು ನನ್ನ ಮಗಳ ವಯಸ್ಸಿನವಳಿರಬಹುದು, ಆದ್ದರಿಂದ ಸಲಿಗೆಯಿಂದ ಬರೆಯುತ್ತೇನೆ. ಇಲ್ಲಿ ಎಲ್ಲರೂ ಎಣ್ಣೆಯನ್ನು ಹೇಗೆ ಕೊಳ್ಳಬೇಕೆಂದು ಹೇಳುತ್ತಿದ್ದಾರೆ, ಯಾವುದಕ್ಕೆ ಹಾಕಬೇಕೆಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ಹಸಿ ಎಣ್ಣೆ ಬೇರೆ, ಕಾಯಿಸುವ ಎಣ್ಣೆ ಬೇರೆ. ಬಿಸಿ ಜೋಳದ ರೊಟ್ಟಿಯ ಮೇಲೆ ಗುರೆಳ್ಳಿನ ಚಟ್ನಿಪುಡಿ ಹಾಕಿ, ಗುಳಿ ಮಾಡಿ, ಗಾಣದ ಕುಸುಬಿ ಎಣ್ಣೆಯನ್ನು ಹಸಿಯಾಗಿಯೇ ಸುರಿದು ತಿನ್ನುತ್ತೇವೆ. ಆ ಎಣ್ಣೆಯನ್ನು ಯಾರೂ ಕಡಬು ಕರಿಯಲು ಬಳಸುವುದಿಲ್ಲ. ನೀವು ಹೇಳುವ ಎಕ್ಸ್‌ಟ್ರಾ ವರ್ಜಿನ್ ಕೂಡ ಹಸಿ ಎಣ್ಣೆಯ ಜಾತಿಗೆ ಸೇರಿದ್ದೆಂದು ನನಗೆ ತೋರುತ್ತದೆ. ಸಾಸಿವೆ ಸಿಡಿಸಲು, ಇಂಗು ಕರಿಬೇವು ಹಾಕಲು ಅಷ್ಟು ದುಬಾರಿ ಪರಿಮಳವನ್ನು ಸುಡುವುದು ಮಲ್ಲಿಗೆಯ ದಂಡೆಯನ್ನು ಒಲೆಗೆ ಹಾಕಿದಂತೆ. ಕಾಯಿಸಲು ಸೂರ್ಯಕಾಂತಿ ಸಾಕು.

ಇನ್ನೊಂದು ಮಾತು. ನಮ್ಮ ಊರಿನ ಅಂಗಡಿಗಳಲ್ಲಿ ಆಲಿವ್ ಎಣ್ಣೆಯೆಂದು ದೊಡ್ಡದಾಗಿ ಬರೆದು, 'ಭಾರತೀಯ ಅಡುಗೆಗೆ ಸೂಕ್ತ' ಎಂದು ಮಾರುವ ಸೀಸೆಗಳನ್ನು ತಿರುಗಿಸಿ ನೋಡಿದರೆ ಹಿಂದೆ ಪೊಮೇಸ್ ಎಂದಿರುತ್ತದೆ. ವಾದಿರಾಜರು ಹೇಳಿದ ಹಿಂಡಿಯ ಎಣ್ಣೆ ಅದೇ ಅಲ್ಲವೇ?

ವಾದಿರಾಜ, ಮೈಸೂರು

ಹೌದು ಶಾಂತಲಾ ಅವರೇ, ಅದೇ. ಅದು ವಿಷವಲ್ಲ, ರಿಫೈನ್ಡ್ ಎಣ್ಣೆಗಳಲ್ಲಿ ಅದೂ ಒಂದು. ಆದರೆ ಆಲಿವ್ ಎಣ್ಣೆಗೆ ಯಾವ ಗುಣಗಳಿಗಾಗಿ ಹೆಸರು ಬಂದಿದೆಯೋ ಆ ಗುಣಗಳು ರಿಫೈನ್ ಮಾಡುವಾಗ ಬಹುಪಾಲು ಹೊರಟುಹೋಗಿರುತ್ತವೆ.

ಕಾಯಿಸುವ ವಿಷಯದಲ್ಲಿ ಮಾತ್ರ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಎಕ್ಸ್‌ಟ್ರಾ ವರ್ಜಿನ್ ಹೊಗೆಯಾಡಲು ಶುರುವಾಗುವುದು ಹೆಚ್ಚು ಕಡಿಮೆ 190ರಿಂದ 210 ಡಿಗ್ರಿಯಲ್ಲಿ. ಪೂರಿ ಕರಿಯುವ ಶಾಖ 170ರಿಂದ 190ರೊಳಗಿರುತ್ತದೆ. ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ ಮರೆಯದಿದ್ದರೆ ಒಗ್ಗರಣೆಗೆ ತೊಂದರೆಯಿಲ್ಲ. ಎಣ್ಣೆ ಶಾಖಕ್ಕೆ ಮುರಿಯುವುದು ಹೊಗೆಯ ಡಿಗ್ರಿಯೊಂದನ್ನೇ ಅವಲಂಬಿಸಿಲ್ಲ, ಅದರಲ್ಲಿ ಯಾವ ಕೊಬ್ಬಿನಾಮ್ಲಗಳಿವೆ ಎಂಬುದು ಹೆಚ್ಚು ಮುಖ್ಯ. ಆಲಿವ್ ಎಣ್ಣೆಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಿನ ಆಸುಪಾಸು ಒಲೀಕ್ ಆಮ್ಲವಿದ್ದು ಅದು ಗಟ್ಟಿಮುಟ್ಟಾದುದು. ಸಾಧಾರಣ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲೀಕ್ ಆಮ್ಲವೇ ಹೆಚ್ಚು, ಅದರ ಹೊಗೆಯ ಡಿಗ್ರಿ ಎತ್ತರವಿದ್ದರೂ ಕಾಯಿಸಿದಂತೆ ಬೇಗ ಕೆಡುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಪ್ರಯೋಗಾಲಯವೊಂದು ಹತ್ತು ಬಗೆಯ ಎಣ್ಣೆಗಳನ್ನು ಗಂಟೆಗಟ್ಟಲೆ ಕಾಯಿಸಿ ನೋಡಿದಾಗಲೂ ಎಕ್ಸ್‌ಟ್ರಾ ವರ್ಜಿನ್‌ನಲ್ಲಿಯೇ ಕೆಟ್ಟ ವಸ್ತುಗಳು ಕಡಿಮೆ ಹುಟ್ಟಿದವು. ಆ ಪ್ರಯೋಗಾಲಯ ಆಲಿವ್ ಬೆಳೆಯುವ ಕಂಪನಿಗೆ ಸಂಬಂಧಿಸಿದ್ದೆಂಬುದನ್ನು ಮರೆಯುವಂತಿಲ್ಲ, ಆದರೂ ಆ ಫಲಿತಾಂಶ ರಸಾಯನಶಾಸ್ತ್ರದ ನಿರೀಕ್ಷೆಗೆ ವಿರುದ್ಧವಾಗಿಲ್ಲ.

ಪರಿಮಳ ಹಾರಿಹೋಗುತ್ತದೆ ಎಂಬ ನಿಮ್ಮ ಮಾತು ನೂರಕ್ಕೆ ನೂರು ಸತ್ಯ. ಒಗ್ಗರಣೆಗೆ ಎಕ್ಸ್‌ಟ್ರಾ ವರ್ಜಿನ್ ಬಳಸಿದರೆ ಆರೋಗ್ಯ ಕೆಡುವುದಿಲ್ಲ, ಹಣ ಕೆಡುತ್ತದೆ, ಅಷ್ಟೇ.

ಗಿರೀಶ, ಸ್ಯಾನ್ ಹೋಸೆ

ಹಣವೂ ಅಷ್ಟೇನು ಕೆಡುವುದಿಲ್ಲ. ಎರಡು ಎಣ್ಣೆ ಇಟ್ಟವರ ಮನೆಗಳಲ್ಲಿ ಒಳ್ಳೆಯ ಎಣ್ಣೆಯನ್ನು ಬಂಗಾರದಂತೆ ಜೋಪಾನ ಮಾಡಿ ಹನಿ ಹನಿಯಾಗಿ ಬಳಸುತ್ತಾರೆ, ಸೀಸೆ ಮುಗಿಯಲು ಎಂಟು ತಿಂಗಳು ಹಿಡಿಯುತ್ತದೆ, ಅಷ್ಟರಲ್ಲಿ ಅದು ಒಳ್ಳೆಯ ಎಣ್ಣೆಯಾಗಿ ಉಳಿದಿರುವುದಿಲ್ಲ. ನಮ್ಮ ಮನೆಯಲ್ಲಿ ಇದೇ ಆಗುತ್ತಿತ್ತು. ಮಧ್ಯಮ ಬೆಲೆಯ ಒಂದೇ ಎಣ್ಣೆಯನ್ನು ಒಗ್ಗರಣೆಗೂ ಕೋಸಂಬರಿಗೂ ಧಾರಾಳವಾಗಿ ಬಳಸಿ, ಐದಾರು ವಾರಗಳಲ್ಲಿ ಖಾಲಿ ಮಾಡಿ, ಹೊಸದನ್ನು ತಂದರೆ ತಟ್ಟೆಗೆ ಬೀಳುವ ಎಣ್ಣೆ ಯಾವಾಗಲೂ ತಾಜಾ ಆಗಿರುತ್ತದೆ. ದಿನಬಳಕೆಯ ಎಣ್ಣೆಗೆ ನನ್ನ ಮಟ್ಟಿಗೆ ಇದೇ ಲಕ್ಷಣ.

ಸುಮಾ, ತೋರಿನೊ

ಎಲ್ಲರಿಗೂ ಧನ್ಯವಾದ. ಗಿರೀಶ ಅವರ ಮಾತು ನನಗೆ ಹೆಚ್ಚು ಹಿಡಿಸಿತು. ಕಪಾಟನ್ನು ಮತ್ತೆ ನೋಡಿಬಂದೆ. ಕಪ್ಪು ಸೀಸೆಯಲ್ಲಿ ಕಂಪಾನ್ಯ 2023-24 ಎಂದಿದೆ, ಬಿಳಿ ಸೀಸೆಯಲ್ಲಿ ಏನೂ ಇಲ್ಲ. ಈಗ 2025ರ ಮಾರ್ಚ್. ಅದೇ ಅಂಗಡಿಯವರ ಸ್ವಂತ ಹೆಸರಿನ, ಗ್ರೀಸ್ ಮೂಲದ, ಕಡು ಗಾಜಿನ 750 ಮಿಲಿ ಲೀಟರ್ ಸೀಸೆಯೊಂದು ಕೆಳಗಿನ ಸಾಲಿನಲ್ಲಿ ಕಂಡಿತು, 2024-25ರ ಕೊಯ್ಲು, 7.80 ಯೂರೋ. ಕಳೆದ ಸಲ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸಹೋದ್ಯೋಗಿ ಲಿಗುರಿಯಾದ ಎಣ್ಣೆಯನ್ನು ಒಂದು ಸಣ್ಣ ಸೀಸೆಯಲ್ಲಿ ಕೊಟ್ಟಿದ್ದಾರೆ. ಲೀನಾ ಅವರು ಅರ್ಧ ಲೀಟರ್ ಕಳುಹಿಸುತ್ತೇನೆಂದಿದ್ದಾರೆ. ಎಲ್ಲವನ್ನೂ ಒಟ್ಟಿಗಿಟ್ಟು ರುಚಿ ನೋಡುವುದಾದರೆ ಹೇಗೆ ನೋಡಬೇಕು?

ವಾದಿರಾಜ, ಮೈಸೂರು

ಊಟಕ್ಕೆ ಮುಂಚೆ, ಕಾಫಿ ಕುಡಿಯದೆ ಕುಳಿತುಕೊಳ್ಳಿ. ಬಣ್ಣ ಕಾಣದ ಸಣ್ಣ ಕಾಫಿ ಕಪ್ಪುಗಳಲ್ಲಿ ಒಂದೊಂದು ಚಮಚ ಹಾಕಿ, ಯಾವುದರಲ್ಲಿ ಯಾವುದಿದೆ ಎಂಬುದನ್ನು ಒಬ್ಬರೇ ತಿಳಿದಿರಲಿ. ಕಪ್ಪನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅದರ ಬಾಯಿ ಮುಚ್ಚಿ, ಎಣ್ಣೆ ಬೆಚ್ಚಗಾದ ಮೇಲೆ ಮೂಸಿ. ಬಳಿಕ ಒಂದು ಗುಟುಕನ್ನು ಸುರ್ರೆಂದು ಗಾಳಿಯೊಂದಿಗೆ ಎಳೆದುಕೊಂಡು ನುಂಗಿ. ನಡುವೆ ಸೇಬಿನ ತುಂಡು ತಿಂದು ನೀರು ಕುಡಿಯಿರಿ.

ಏನನ್ನು ಹುಡುಕಬೇಕೆಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಮಾತುಗಳಿವೆ, ಪರಭಾಷೆಯ ಪಟ್ಟಿ ಬೇಕಿಲ್ಲ. ಹಳೆಯ ಕಡಲೆಕಾಯಿಯ ಡಬ್ಬಿ ತೆರೆದಾಗ ಬರುವುದು ಕಮಟು. ಎಣ್ಣೆ ಗಾಳಿ ಬೆಳಕಿಗೆ ಕೆಟ್ಟಿದೆಯೆಂದು ಅರ್ಥ. ಮಳೆಗಾಲದ ಹಿಟ್ಟಿನ ಡಬ್ಬಿಯದು ಮುಗ್ಗಲು. ಬೂಷ್ಟು ಹಿಡಿದ ಕಾಯಿಯನ್ನು ಗಾಣಕ್ಕೆ ಹಾಕಿದ್ದಾರೆ. ಹುಳಿತ ಹೆಂಡದ ಅಥವಾ ವಿನೆಗರಿನ ವಾಸನೆ ಬಂದರೆ ಕಾಯಿ ಹುದುಗಿದೆ. ಇವು ಮೂರೂ ದೋಷಗಳು. ಕಹಿ, ಗಂಟಲಿನ ಖಾರ, ಸ್ವಲ್ಪ ಒಗರು ಇವು ದೋಷಗಳಲ್ಲ. ಮೊದಲೆರಡನ್ನು ಪರೀಕ್ಷಕರು ಗುಣಗಳೆಂದೇ ಎಣಿಸುತ್ತಾರೆ. ಕತ್ತರಿಸಿದ ಹುಲ್ಲು, ಹಸಿ ಟೊಮೆಟೊ ಎಲೆ, ಹಸಿ ಬಾದಾಮಿ ಇವುಗಳ ನೆನಪಾದರೆ ಅದು ಕಾಯಿಯ ಪರಿಮಳ.

ಸುಮಾ, ತೋರಿನೊ

ಎರಡು ವಾರ ತಡವಾಗಿ ವರದಿ ಒಪ್ಪಿಸುತ್ತಿದ್ದೇನೆ. ಕಪ್ಪುಗಳಿಗೆ ಅಂಕಿ ಹಾಕಿದವಳು ನಾನು, ರುಚಿ ನೋಡಿದವರು ನನ್ನ ಯಜಮಾನರು, ಒಂಬತ್ತು ವರ್ಷದ ಮಗಳು ಮತ್ತು ಪಕ್ಕದ ಮನೆಯ ಅಜ್ಜಿ.

ಬಿಳಿ ಸೀಸೆಯ ಎಣ್ಣೆಯನ್ನು ಮೂಸಿದ ಕೂಡಲೇ ನನ್ನ ಯಜಮಾನರು 'ಅಜ್ಜಿಯ ಮನೆಯ ಕೋಡುಬಳೆ ಡಬ್ಬಿ' ಎಂದರು. ಕಮಟು ಎಂಬ ಪದವನ್ನು ನಾನು ಅವರಿಗೆ ಮೊದಲು ಹೇಳಿರಲಿಲ್ಲ. 11 ಯೂರೋದ ಇಟಾಲಿಯನ್ ಎಣ್ಣೆಯಲ್ಲಿ ಯಾರಿಗೂ ದೋಷ ಸಿಗಲಿಲ್ಲ, ಗುಣವೂ ಸಿಗಲಿಲ್ಲ, ಅದು ಮೂಕವಾಗಿತ್ತು. ಪಕ್ಕದ ಮನೆಯ ಅಜ್ಜಿ ಅದನ್ನು 'ಸುಸ್ತಾದ ಎಣ್ಣೆ' ಎಂದರು, ಇಲ್ಲಿಯವರು ಹಾಗೆ ಹೇಳುತ್ತಾರಂತೆ. ಗ್ರೀಸಿನದರಲ್ಲಿ ಹುಲ್ಲಿನ ಪರಿಮಳ ಸ್ಪಷ್ಟವಾಗಿತ್ತು, ಕೊನೆಯಲ್ಲಿ ಸಣ್ಣ ಖಾರ. ಲಿಗುರಿಯಾದ ತಜಾಸ್ಕಾ ಬಾದಾಮಿಯಂತೆ ಸಿಹಿಯಾಗಿದ್ದು ಮಗಳಿಗೆ ಬಹಳ ಇಷ್ಟವಾಯಿತು, ಆದರೆ ಲೀಟರಿಗೆ 15 ಯೂರೋ ಕೊಟ್ಟು ಅದರಲ್ಲಿ ದಿನವೂ ಪಲ್ಯ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಲೀನಾ ಅವರ ಎಣ್ಣೆಗೆ ಮೂವರೂ ಕೆಮ್ಮಿದರು. ಅದನ್ನು ಬೇಯಿಸಿದ ಹುರುಳಿಕಾಯಿಯ ಮೇಲೆ, ಸುಟ್ಟ ಬ್ರೆಡ್ಡಿನ ಮೇಲೆ ಹಾಕಿದಾಗ ಅದರಷ್ಟು ಚೆನ್ನಾಗಿ ಇನ್ನಾವುದೂ ಇರಲಿಲ್ಲ. ಹೆಸರುಬೇಳೆ ಕೋಸಂಬರಿಯಲ್ಲಿ ಮಾತ್ರ ಹಸಿಮೆಣಸಿನಕಾಯಿಯೊಂದಿಗೆ ಜಗಳಕ್ಕೆ ನಿಂತಿತು.

ಒಂದು ತಪ್ಪನ್ನೂ ಮಾಡಿದೆ. ಕೊತ್ತಂಬರಿ ಚಟ್ನಿಗೆ ಆ ಎಣ್ಣೆಯನ್ನು ಎರಡು ಚಮಚ ಸುರಿದು ಮಿಕ್ಸಿಯಲ್ಲಿ ತಿರುಗಿಸಿದೆ, ಚಟ್ನಿ ಬಾಯಿಗಿಡಲಾಗದಷ್ಟು ಕಹಿಯಾಯಿತು.

ಲೀನಾ, ಬಿತೊಂತೊ

ಅಯ್ಯೋ, ಅದನ್ನು ಮೊದಲೇ ಹೇಳಬೇಕಿತ್ತು. ಮಾಯೊನೇಸ್ ಮಾಡುವವರಿಗೂ ಹೀಗೇ ಆಗುತ್ತದೆ. ಮಿಕ್ಸಿಯ ಬ್ಲೇಡು ಎಣ್ಣೆಯನ್ನು ನೀರಿನೊಂದಿಗೆ ನುಣ್ಣಗೆ ಕಲಸಿದಾಗ ಎಣ್ಣೆಯೊಳಗೆ ಅಡಗಿದ್ದ ಕಹಿಯೆಲ್ಲ ನೀರಿಗಿಳಿದು ನಾಲಿಗೆಗೆ ನೇರವಾಗಿ ತಾಗುತ್ತದೆ. ಚಟ್ನಿ ರುಬ್ಬಿದ ಮೇಲೆ ಮೇಲಿನಿಂದ ಸುರಿದು ಚಮಚದಲ್ಲಿ ಕಲಸಿ.

ಬಿಳಿ ಸೀಸೆಯ ಫಲಿತಾಂಶ ನೋಡಿ ಐರೋಪ್ಯ ಮಿಶ್ರಣಗಳೆಲ್ಲ ಕೆಟ್ಟವೆಂದು ತಿಳಿಯಬೇಡಿ. ಸ್ಪೇನಿನಲ್ಲಿ 2022 ಮತ್ತು 2023ರ ಬರಗಾಲದಿಂದ ಕಳೆದ ವರ್ಷ, 2024ರ ಆರಂಭದಲ್ಲಿ, ಅಲ್ಲಿಯ ಸಗಟು ಬೆಲೆ ಕಿಲೋಗೆ 9 ಯೂರೋವರೆಗೆ ಏರಿತ್ತು. ಈ ಸಲ, 2024-25ರಲ್ಲಿ, ಬೆಳೆ ಚೆನ್ನಾಗಿ ಬಂದು ಅರ್ಧಕ್ಕಿಂತ ಕೆಳಗಿಳಿದಿದೆ. ಆದ್ದರಿಂದ ಈ ವರ್ಷದ ಹೊಸ ಸ್ಪ್ಯಾನಿಷ್ ಎಣ್ಣೆ ಅಗ್ಗವಾಗಿದ್ದರೂ ಒಳ್ಳೆಯದಿರಬಹುದು. ಹಾಏನ್ ಪ್ರಾಂತ್ಯದ ಪಿಕ್ವಾಲ್ ಜಾತಿಯದು ಸಿಕ್ಕಿದರೆ ಬಿಡಬೇಡಿ, ಅದು ಕಾಯಿಸಲು ಗಟ್ಟಿ ಎಣ್ಣೆ. ಪುಲಿಯಾದಲ್ಲಿದ್ದುಕೊಂಡು ಇದನ್ನು ಬರೆದೆನೆಂದು ಇಲ್ಲಿಯ ಮನೆಯ ಯಜಮಾನರಿಗೆ ಯಾರೂ ಹೇಳಬೇಡಿ.

ಶಾಂತಲಾ, ಹುಬ್ಬಳ್ಳಿ

ಸುಮಾ, ಕೊನೆಗೆ ಏನು ನಿರ್ಧರಿಸಿದೆ?

ಸುಮಾ, ತೋರಿನೊ

ಶಾಂತಲಕ್ಕ, ಗ್ರೀಸಿನ ಸೀಸೆಯನ್ನೇ ದಿನಬಳಕೆಗೆ ಹಿಡಿದಿದ್ದೇನೆ, ತಿಂಗಳಿಗೆ ಎರಡು ಸೀಸೆ. ಒಗ್ಗರಣೆಗೂ ಅದೇ, ನಿಮ್ಮ ಮಲ್ಲಿಗೆಯ ಮಾತು ನೆನಪಾಗಿ ಕೈ ಸ್ವಲ್ಪ ಅಳುಕುತ್ತದೆ, ಆದರೆ ಎರಡು ಎಣ್ಣೆಗಳಿಗೆ ನಮ್ಮ ಅಡುಗೆಮನೆಯಲ್ಲಿ ಜಾಗವಿಲ್ಲ. ಒಲೆಯ ಪಕ್ಕದ ಎಣ್ಣೆ ಗಿಂಡಿಯನ್ನು ತೆಗೆದು, ಸೀಸೆಯನ್ನು ಸಿಂಕಿನ ಕೆಳಗಿನ ತಂಪು ಕಪಾಟಿನಲ್ಲಿಟ್ಟಿದ್ದೇನೆ. ನವೆಂಬರಿನಲ್ಲಿ ಲೀನಾ ಅವರ ಕಡೆಯಿಂದ 5 ಲೀಟರಿನ ಡಬ್ಬಿ ತರಿಸಿ ಸಹೋದ್ಯೋಗಿಯೊಂದಿಗೆ ಹಂಚಿಕೊಳ್ಳುವುದೆಂದು ಮಾತಾಗಿದೆ.

ವಾದಿರಾಜ, ಮೈಸೂರು

ಹಂಚಿಕೊಂಡ ದಿನವೇ ಅದನ್ನು ಅರ್ಧ ಲೀಟರಿನ ಕಡು ಸೀಸೆಗಳಿಗೆ ಕತ್ತಿನವರೆಗೆ ತುಂಬಿ ಬಿರಡೆ ಹಾಕಿ. ಅರ್ಧ ಖಾಲಿಯಾದ ಡಬ್ಬಿಯಲ್ಲಿ ಉಳಿದರ್ಧ ಗಾಳಿಯೇ ಇರುತ್ತದೆ. ಸೀಸೆಗಳನ್ನು ತೊಳೆದು ಪೂರ್ತಿ ಒಣಗಿಸಿರಬೇಕು. ಹಳೆಯ ಎಣ್ಣೆಯ ಜಿಡ್ಡು ಉಳಿದ ಸೀಸೆಗೆ ಹೊಸದನ್ನು ಸುರಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಕಮಟು ಬೇಗ ಹಬ್ಬುತ್ತದೆ. ಡಬ್ಬಿ ಸೋಸಿದ ಎಣ್ಣೆಯದಾಗಿರಲಿ ಎಂದು ಮತ್ತೊಮ್ಮೆ ಹೇಳುತ್ತೇನೆ, ಲೀನಾ ಅವರು ಕ್ಷಮಿಸಬೇಕು.

ಲೀನಾ, ಬಿತೊಂತೊ

ಕ್ಷಮಿಸುವುದಿಲ್ಲ ರಾಯರೇ. ಎರಡು ಬಗೆಯದನ್ನೂ ಕಳುಹಿಸುತ್ತೇನೆ, ಮುಂದಿನ ಯುಗಾದಿಗೆ ಸುಮಾ ಅವರೇ ಹೇಳಲಿ.

ಶಾಂತಲಾ, ಹುಬ್ಬಳ್ಳಿ

ನಿಮ್ಮ ಮಾತು ಓದಿ ಓದಿ, ಅಳಿಯ ದುಬೈಯಿಂದ ತಂದುಕೊಟ್ಟಿದ್ದ ಸೀಸೆಯನ್ನು ಇವತ್ತು ತೆರೆದೆ. ಹಚ್ಚಿದ ಅವಲಕ್ಕಿಗೆ ಹಸಿಯಾಗಿ ಹಾಕಿ ನೋಡಿದರೆ ಕಹಿಯೂ ಇಲ್ಲ, ಖಾರವೂ ಇಲ್ಲ, ಕಮಟಂತೂ ಇಲ್ಲ. ಕುಸುಬಿ ಎಣ್ಣೆಯ ಜಾಗಕ್ಕೆ ಅದು ಬರಲಾರದು. ಸೀಸೆಯ ಮೇಲೆ ಕೊಯ್ಲಿನ ದಿನಾಂಕ ಎಲ್ಲಿಯೂ ಸಿಗಲಿಲ್ಲ, ಗಡುವು 2025ರ ಜೂನ್ ಎಂದಿದೆ. ಇಟ್ಟುಕೊಳ್ಳಲೋ, ಬಿಡಲೋ?

ವಾದಿರಾಜ, ಮೈಸೂರು

ಏಪ್ರಿಲ್ ಬಿಸಿಲು ಏರುವ ಮೊದಲು ಒಗ್ಗರಣೆಗೆ ಬಳಸಿ ಮುಗಿಸಿಬಿಡಿ.